ಬಿತ್ತಿ ಮಿಕ್ಕ ರಾಗಿ

ಅಮ್ಮಯಮ್ಮ ಕೈ ತೊಳೆಯುತ್ತಿರುವುದು ಇದು ನಾಲ್ಕನೇ ಸಲ. ಮೊದಲು ಬರೀ ನೀರಿನಲ್ಲಿ ತೊಳೆದಳು, ಆಮೇಲೆ ಸೋಪು ಹಚ್ಚಿದಳು, ಆಮೇಲೆ ಪಾತ್ರೆ ತಿಕ್ಕುವ ಪುಡಿ ಹಾಕಿದಳು, ಈಗ ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದಾಳೆ. ಅಂಗೈ ಗೆರೆಯಲ್ಲಿ, ಉಗುರಿನ ಸಂದಿಯಲ್ಲಿ ಕೂತ ಗುಲಾಬಿ ಬಣ್ಣ ಮಾತ್ರ ಹೋಗಲೊಲ್ಲದು.

ರಾಗಿ ನೆನೆಸಿದ ನೀರು ಕೆಂಪಗಾಗುತ್ತದೆ, ಅದು ಯಾರಿಗೆ ಗೊತ್ತಿಲ್ಲ? ಆದರೆ ರಾಗಿಯ ಬಣ್ಣ ಕೈಗೆ ಹತ್ತುವುದಿಲ್ಲ. ನಲವತ್ತು ವರ್ಷದಿಂದ ರಾಗಿ ಕೇರಿ, ತೊಳೆದು, ಮುದ್ದೆ ಕಟ್ಟಿ ಸವೆದ ಕೈ ಅದು. ಒಂದು ದಿನವಾದರೂ ಹೀಗೆ ಮದರಂಗಿ ಇಟ್ಟವಳ ಹಾಗೆ ಕಂಡದ್ದಿಲ್ಲ. ಹೊಸ ತಳಿ ಇರಬೇಕು, ಈಗಿನ ಕಾಲದ ರಾಗಿಗೆ ಬಣ್ಣ ಜಾಸ್ತಿ ಇರಬೇಕು ಎಂದು ಬೆಳಿಗ್ಗೆಯಿಂದ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಆ ಸಮಾಧಾನ ಅರ್ಧ ಖಾಲಿಯಾಗಿತ್ತು.

ದೊಡ್ಡಬೆಳವಂಗಲದಿಂದ ಎರಡು ಮೈಲಿ ಒಳಗಿರುವ ಊರು. ಮನೆಯಲ್ಲಿ ನಾಲ್ಕೇ ಜನ. ಅಮ್ಮಯಮ್ಮ, ಅವಳ ಗಂಡ ಗಂಗಣ್ಣ, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗ ಕೆಂಪರಾಜ್, ಅವನ ಹೆಂಡತಿ ಜ್ಯೋತಿಲಕ್ಷ್ಮಿ. ಐದನೆಯವರು ಬರುವ ದಾರಿಯಲ್ಲಿದ್ದರು. ಜ್ಯೋತಿಲಕ್ಷ್ಮಿಗೆ ಐದು ತುಂಬಿ ಆರಕ್ಕೆ ಬಿದ್ದಿತ್ತು. ಇದಕ್ಕೆ ಮುಂಚೆ ಎರಡು ಸಲ ನಿಂತ ಬಸಿರು ಮೂರು ತಿಂಗಳು ದಾಟದೆ ಹೋಗಿತ್ತು. ಹಾಗಾಗಿ ಈ ಸಲ ಮನೆಯಲ್ಲಿ ಯಾರೂ ಜೋರಾಗಿ ಬಾಗಿಲು ಕೂಡ ಹಾಕುತ್ತಿರಲಿಲ್ಲ.

ಅಮ್ಮಯಮ್ಮನಂತೂ ಮೂರು ತಿಂಗಳಿಂದ ಒಂದು ಕಾಲಲ್ಲಿ ನಿಂತಿದ್ದಳು. ದಿನದ ಅಡುಗೆ ಸೊಸೆಯದು. ಅದಕ್ಕೆ ಇವಳು ಕೈ ಹಾಕುತ್ತಿರಲಿಲ್ಲ. ಆದರೆ ಬಸುರಿಯ ಬಾಯಿಗೆ ಬೇಕಾದ ಸಿಹಿ, ತಂಪು ಎಲ್ಲ ಅತ್ತೆಯ ಪಾಲಿನದು. ಬೆಳಿಗ್ಗೆ ಬಾದಾಮಿ ಹಾಲು, ಮಧ್ಯಾಹ್ನ ಹೆಸರುಬೇಳೆ ಪಾನಕ, ಸಂಜೆಗೆ ತುಪ್ಪದ ಉಂಡೆ. ಲೋಟ ತುಂಬಿಸಿ ಸೊಸೆಯ ಕೈಗೆ ಕೊಡುವಳು. "ಹಿತ್ಲಲ್ಲಿ ಗಾಳಿ ಆಡ್ತೈತೆ, ಅಲ್ಲೇ ಕೂತ್ಕೊಂಡು ಕುಡೀತೀನಿ ಅತ್ತೆ," ಎಂದು ಅವಳು ಹಿಂದಿನ ಬಾಗಿಲಿಗೆ ಹೋಗುವಳು. ಸ್ವಲ್ಪ ಹೊತ್ತಿಗೆ ಲೋಟ ತೊಳೆದು ಬೋರಲು ಹಾಕಿರುತ್ತಿದ್ದಳು. ಎಷ್ಟು ಅಚ್ಚುಕಟ್ಟು ಎಂದು ಅಮ್ಮಯಮ್ಮ ಹಿಗ್ಗುವಳು. ಈ ಮೂರು ತಿಂಗಳಲ್ಲಿ ಮನೆಯಲ್ಲಿ ಎಲ್ಲವೂ ಏಳಿಗೆಯೇ. ಹಿತ್ತಲಿನ ಕೋಳಿಗಳು ಕೂಡ ಮೈ ತುಂಬಿಕೊಂಡು ದಿನಕ್ಕೊಂದು ಮೊಟ್ಟೆ ಇಡುತ್ತಿದ್ದವು.

ಈಗ ನಿನ್ನೆಯ ಮಾತು ಹೇಳಬೇಕು. ನಿನ್ನೆ ಇವರ ಹೊಲದಲ್ಲಿ ರಾಗಿ ಬಿತ್ತನೆ ಮುಗಿಯಿತು. ಈ ಮನೆಯಲ್ಲಿ ಒಂದು ಪದ್ಧತಿ. ಬಿತ್ತನೆ ಮುಗಿದ ಸಂಜೆ ಬಿತ್ತುವ ಕೂರಿಗೆಯ ಬಟ್ಟಲಿನಲ್ಲಿ ಮಿಕ್ಕ ಬೀಜವನ್ನು ಮನೆಯ ಹೆಂಗಸು ಸೆರಗಿನಲ್ಲಿ ಕಟ್ಟಿಕೊಂಡು ಬರಬೇಕು. ಕೇಳಿ ತರಬಾರದು, ಹೇಳಿ ತರಬಾರದು, ದಾರಿಯಲ್ಲಿ ತಿರುಗಿ ನೋಡಬಾರದು. ಹೇಳಿ ತಂದರೆ ಬಿತ್ತಿದ ಬೀಜ ಮುನಿಸಿಕೊಳ್ಳುತ್ತದಂತೆ. ಆ ಬೀಜ ನೆನೆಸಿ, ರುಬ್ಬಿ, ಹಾಲು ತೆಗೆದು ಹಾಲುಬಾಯಿ ಮಾಡಿ ಮನೆ ಮಂದಿಯೆಲ್ಲ ತಿನ್ನಬೇಕು. ಮನೆಯಲ್ಲಿ ಬಸುರಿ ಇದ್ದರೆ ಮೊದಲ ಲೋಟ ಹಸಿ ರಾಗಿಹಾಲು ಬೆಲ್ಲ ಹಾಕಿ ಅವಳಿಗೆ. ನೆಲದಲ್ಲಿ ಬಿದ್ದ ಬೀಜವೂ ನಿಲ್ಲಲಿ, ಹೊಟ್ಟೆಯಲ್ಲಿರುವ ಬೀಜವೂ ನಿಲ್ಲಲಿ ಎಂದು. ಅಮ್ಮಯಮ್ಮನಿಗೆ ಇದನ್ನು ಅವಳ ಅತ್ತೆ ಹೇಳಿಕೊಟ್ಟಿದ್ದು. ಗಂಡಸರಿಗೆ ಗೊತ್ತಿದ್ದದ್ದು ಇಷ್ಟೇ, ಬಿತ್ತನೆ ಆದ ಮಾರನೇ ದಿನ ತಟ್ಟೆಗೆ ಹಾಲುಬಾಯಿ ಬೀಳುತ್ತದೆ. ಯಾವ ರಾಗಿ, ಎಲ್ಲಿಂದ ಬಂತು ಎಂದು ಯಾವ ಗಂಡಸು ಕೇಳಿದ್ದಾನೆ!

ಈಗ ಎತ್ತಿನ ಕೂರಿಗೆ ಅಟ್ಟ ಸೇರಿದೆ. ಪಕ್ಕದ ಹೊಲದ ಸೊಣ್ಣಪ್ಪನ ಟ್ರ್ಯಾಕ್ಟರ್ ಕೂರಿಗೆ ಬರುತ್ತದೆ, ಬಟ್ಟಲಿನ ಬದಲು ತಗಡಿನ ಡಬ್ಬ. ಆದರೇನು, ಪದ್ಧತಿ ಪದ್ಧತಿಯೇ. ನಿನ್ನೆ ಮಬ್ಬುಗತ್ತಲಲ್ಲಿ ಗಂಗಣ್ಣ, ಸೊಣ್ಣಪ್ಪ ಇಬ್ಬರೂ ಹುಣಸೆಮರದ ಕೆಳಗೆ ಟೀ ಕುಡಿಯುತ್ತಿದ್ದಾಗ ಅಮ್ಮಯಮ್ಮ ಡಬ್ಬದ ತಳದಲ್ಲಿದ್ದ ಎರಡು ಸೇರು ರಾಗಿ ಬಾಚಿ ಸೆರಗಿಗೆ ಕಟ್ಟಿಕೊಂಡು, ತಿರುಗಿ ನೋಡದೆ ಮನೆಗೆ ಬಂದಿದ್ದಳು. ಬಣ್ಣ ನೋಡುವಷ್ಟು ಬೆಳಕಿರಲಿಲ್ಲ. ವಾಸನೆ ನೋಡೋಣವೆಂದರೆ ಕೊರೊನಾ ಬಂದು ಹೋದ ಮೇಲೆ ಅವಳ ಮೂಗು ಇದ್ದೂ ಇಲ್ಲದ ಹಾಗೆ.

ಮುಂಜಾನೆ ಎದ್ದು ತೊಳೆದಾಗ ನೀರು ಕೆಂಪಗೆ ಹರಿಯಿತು. ಮೂರು ನೀರು ತೊಳೆದಳು. ರುಬ್ಬಿದಳು, ಬಿಳಿ ಪಂಚೆಯಲ್ಲಿ ಹಿಂಡಿದಳು. ಪಂಚೆಯಲ್ಲಿ ಉಳಿದ ಗಸಿಯನ್ನು ತಿಪ್ಪೆಗೆ ಹಾಕಿದಳು. ಮೊದಲ ಲೋಟಕ್ಕೆ ಬೆಲ್ಲ, ಏಲಕ್ಕಿ ಹಾಕಿ ಸೊಸೆಗೆ ಕೊಟ್ಟಳು. ಅವಳು ಎಂದಿನಂತೆ ಹಿತ್ತಲಿಗೆ ತೆಗೆದುಕೊಂಡು ಹೋದಳು. ಉಳಿದ ಹಾಲಿಗೆ ಬೆಲ್ಲದ ಪಾಕ, ಕಾಯಿಹಾಲು ಸೇರಿಸಿ, ತಳ ಹಿಡಿಯದ ಹಾಗೆ ಮುಕ್ಕಾಲು ಗಂಟೆ ತಿರುವಿ, ತುಪ್ಪ ಬಿಟ್ಟು ತಟ್ಟೆಗೆ ಸುರಿದಳು. ಎಂಟು ಗಂಟೆಗೆ ಕೆಂಪರಾಜ್ ಡಬ್ಬಿಯಲ್ಲಿ ಹತ್ತು ತುಂಡು ಹಾಕಿಸಿಕೊಂಡು, "ನಮ್ ಲೈನ್ ಹುಡುಗ್ರು ಹೋದ್ ವರ್ಷದ್ದೇ ಇನ್ನೂ ನೆನಸ್ಕೊಳ್ತಾರಮ್ಮ," ಎಂದು ಹೇಳಿ ಕಂಪನಿ ಬಸ್ಸಿಗೆ ಓಡಿದ. ಗಂಗಣ್ಣ ಮೂರು ತುಂಡು ತಿಂದು ಬದು ಸರಿಮಾಡಲು ಹೊಲಕ್ಕೆ ಹೋದ. ರುಚಿ ನೋಡುವ ನೆಪದಲ್ಲಿ ಅಮ್ಮಯಮ್ಮನೂ ಎರಡು ತುಂಡು ತಿಂದಳು. ಯಾಕೋ ಕೊನೆಯಲ್ಲಿ ನಾಲಿಗೆಗೆ ಸಣ್ಣ ಕಹಿ ಹತ್ತಿತು. ಬೆಲ್ಲ ಹಳೆಯದು ಎಂದುಕೊಂಡಳು.

ಈಗ ಬಣ್ಣ ಬಿಡದ ಕೈ ಒರೆಸಿಕೊಂಡು ಹಿತ್ತಲಿಗೆ ಬಂದಳು. ಬಚ್ಚಲ ಹಿಂದೆ ಕರಿಬೇವಿನ ಗಿಡದ ಬುಡದಲ್ಲಿ ಚುಕ್ಕೆ ಕೋಳಿ ನಿಂತಿತ್ತು. ನಿಂತಿತ್ತೆಂದರೆ, ನಿಲ್ಲಲು ಒದ್ದಾಡುತ್ತಿತ್ತು. ಎರಡು ಹೆಜ್ಜೆ ಇಟ್ಟಿತು, ಕಾಲು ಸೊಟ್ಟಗಾಯಿತು, ರೆಕ್ಕೆ ನೆಲಕ್ಕೆ ಊರಿತು. ಕೊಕ್ಕು ತೆರೆದುಕೊಂಡು ಉಸಿರಾಡುತ್ತಿತ್ತು. ಕಣ್ಣಿನ ಮೇಲೆ ಬಿಳಿ ಪೊರೆ ಬಂದು ಬಂದು ಹೋಗುತ್ತಿತ್ತು.

ತಿಪ್ಪೆ ಕೆದಕಿ ಗಸಿ ತಿಂದಿರಬೇಕು. ಅಮ್ಮಯಮ್ಮ ತನ್ನ ಅಂಗೈ ನೋಡಿಕೊಂಡಳು.

ಅದೇ ಹೊತ್ತಿಗೆ ಮುಂದಿನ ಬಾಗಿಲಲ್ಲಿ ಸೊಣ್ಣಪ್ಪನ ದನಿ. "ಅಕ್ಕೋ, ಇದೀರಾ?"

ಸೊಣ್ಣಪ್ಪ ಕೈಯಲ್ಲಿ ಖಾಲಿ ಚೀಲ ಹಿಡಿದು ಜಗಲಿಯ ಹತ್ತಿರ ನಿಂತಿದ್ದ. "ನಿನ್ನೆ ಕೂರಿಗೆ ಡಬ್ಬದಲ್ಲಿ ಒಂದೆರಡು ಸೇರು ಬೀಜ ಮಿಕ್ಕಿತ್ತು. ಗಂಗಣ್ಣ ನಾನ್ ತಗಂಡೆ ಅಂದ್ಕಂಡವ್ನೆ, ನಾನು ಅವ್ನ್ ತಗಂಡ ಅಂದ್ಕಂಡೆ. ಮನೇಗೇನಾದ್ರೂ ಬಂದೈತಾ ಅಕ್ಕ? ನಮ್ ಮೂಲೆ ಹೊಲಕ್ಕೆ ಒಂದ್ ಸೇರು ಕಮ್ಮಿ ಬಿದ್ದೈತೆ."

"ಮನೆ ಬೀಜ ತಾನೇ ಅದು?" ಅಮ್ಮಯಮ್ಮ ಕೇಳಿದಳು.

"ಎಲ್ಲಿ ಮನೆ ಬೀಜ! ಹೋದ್ ವರ್ಷ ಮೆದೇಲೇ ಮೊಳಕೆ ಬಂದು ಹಾಳಾಯ್ತಲ್ಲ. ಈ ಸಲ ಗಂಗಣ್ಣ ರೈತ ಸಂಪರ್ಕ ಕೇಂದ್ರದಿಂದ ತಂದ. ಸೀದಾ ಹೊಲಕ್ಕೇ ತಂದಿದ್ದು, ನೀವು ನೋಡಿಲ್ಲ." ಅವನು ಚೀಲ ಬಿಡಿಸಿ ಮೂಲೆಯ ಕೆಂಪು ಗುರುತಿನ ಮೇಲೆ ಬೆರಳಿಟ್ಟ. "ಔಷಧಿ ಬೀಜ ಅಕ್ಕ ಇದು. ನೋಡಿ ಇಲ್ಲಿ ಬರ್ದವ್ರೆ, ವಿಷ, ಮನುಷ್ರು ದನಕರ ತಿನ್ಬಾರ್ದು ಅಂತ. ಅದಕ್ಕೇ ಕೇಳ್ದೆ. ಎಲ್ಲಾದ್ರೂ ಕೋಳಿಗೀಳಿಗೆ ಎರಚ್ಬಿಟ್ಟೀರಾ ಅಂತ."

ಅಮ್ಮಯಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಬಾಯಿಗೆ ಬಂದ ಮಾತು ಒಂದೇ.

"ಮನೇಗೆ ಬಂದಿಲ್ಲ ಕಣಪ್ಪ. ನಂಗೇನ್ ಗೊತ್ತು?"

"ಹೋಗ್ಲಿ ಬಿಡಿ," ಎಂದು ಸೊಣ್ಣಪ್ಪ ಚೀಲವನ್ನು ಜಗಲಿಯ ಮೇಲೆ ಇಟ್ಟು ಹೊರಟುಹೋದ.

ಸುಳ್ಳು ಯಾಕೆ ಹೇಳಿದಳು? ಅವಳಿಗೇ ಗೊತ್ತಿಲ್ಲ. ಹೆದರಿಕೆಗೆ ಮೊದಲು ಸಿಗುವುದು ಸುಳ್ಳೇ. ಅವಳು ಜಗಲಿಯ ಕಂಬ ಹಿಡಿದು ಕುಸಿದಳು. ಗಂಡ ಮೂರು ತುಂಡು, ತಾನು ಎರಡು, ಮಗನ ಡಬ್ಬಿಯಲ್ಲಿ ಹತ್ತು. ಅದೆಲ್ಲ ಆಮೇಲೆ. ಅದೆಲ್ಲ ಬೆಂದದ್ದು. ಬೇಯಿಸದೆ, ಹಸಿಯಾಗಿ, ತುಂಬಿದ ಲೋಟ ಹೋಗಿದ್ದು ಒಂದೇ ಹೊಟ್ಟೆಗೆ. ಆ ಹೊಟ್ಟೆಯೊಳಗೆ ಇನ್ನೂ ಕಣ್ಣು ಬಿಡದ ಒಂದು ಜೀವ ಇತ್ತು.

ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಲೋಟ ಕೊಟ್ಟು ನಾಲ್ಕು ಗಂಟೆಯ ಮೇಲಾಗಿತ್ತು.

ಓಡಿ ಹೋಗಿ ಹೇಳಿಬಿಡಬೇಕಿತ್ತು ಅಲ್ಲವೇ? ಯಾರಾದರೂ ಹಾಗೇ ಅನ್ನುತ್ತಾರೆ. ಆದರೆ ಅಮ್ಮಯಮ್ಮನ ಕಾಲು ಏಳಲಿಲ್ಲ. ಅದಕ್ಕೆ ಕಾರಣ ಎರಡು ವರ್ಷದ ಹಿಂದಿನ ಒಂದು ಮಾತು. ಸೊಸೆಯ ಎರಡನೇ ಬಸಿರು ಹೋಗಿ ಹದಿನೈದು ದಿನವಾಗಿತ್ತು. ಹಿತ್ತಲಿನ ಬೇಲಿ ಹತ್ತಿರ ಪಕ್ಕದ ಮನೆಯವಳು ಅಯ್ಯೋ ಪಾಪ ಎಂದಾಗ ಅಮ್ಮಯಮ್ಮ ಹೊಟ್ಟೆ ಉರಿದುಕೊಂಡು, "ಚೌಳು ನೆಲಕ್ಕೆ ಬಿತ್ತಿದ್ರೆ ಏನಾಯ್ತದೆ ಹೇಳು? ಬೀಜಾನೂ ಹೋಯ್ತು, ಬಿತ್ತಿದ್ ಕೂಲೀನೂ ಹೋಯ್ತು," ಎಂದಿದ್ದಳು. ತಿರುಗಿದರೆ ಹಿಂದೆ ಬಟ್ಟೆಯ ಬಕೆಟ್ಟು ಹಿಡಿದು ಜ್ಯೋತಿಲಕ್ಷ್ಮಿ ನಿಂತಿದ್ದಳು. ಅವಳು ಬಟ್ಟೆ ಒಣಗಿಹಾಕಿ ಒಳಗೆ ಹೋದಳು. ಅವತ್ತಿನಿಂದ ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತು ಬಂದಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮೂರು ತಿಂಗಳಿಂದ ಬಾದಾಮಿ ಹಾಲು, ಪಾನಕ, ಉಂಡೆ ಎಂದು ಅಮ್ಮಯಮ್ಮ ಒದ್ದಾಡುತ್ತಿದ್ದುದು ಆ ಮಾತನ್ನು ಮುಚ್ಚಲಿಕ್ಕೇ.

ಈಗ ಹೋಗಿ ಏನೆಂದು ಹೇಳಬೇಕು? ಅವತ್ತು ಬಾಯಲ್ಲಿ ಅಂದೆ, ಇವತ್ತು ಕೈಯಾರೆ ಮಾಡಿದೆ ಎಂದೇ? ಬೇಕೆಂತಲೇ ಮಾಡಿದಳು ಎಂದು ಊರು ಅಂದರೆ? ಕೆಂಪರಾಜ್ ಅಂದರೆ? ಏನೂ ಆಗದೆಯೂ ಇರಬಹುದಲ್ಲ, ಮೂರು ನೀರು ತೊಳೆದಿದ್ದೇನಲ್ಲ ಎಂದು ಮನಸ್ಸು ಪಿಸುಗುಟ್ಟಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸದ್ದಿಲ್ಲದೆ ಕೋಣೆಯ ಬಾಗಿಲ ಹತ್ತಿರ ಹೋಗಿ ಇಣುಕಿದಳು. ಜ್ಯೋತಿಲಕ್ಷ್ಮಿ ಎಡಮಗ್ಗುಲಾಗಿ ಮಲಗಿದ್ದಳು. ಹಣೆಯ ಮೇಲೆ ಬೆವರಿತ್ತು. ಒಂದು ಕೈ ಹೊಟ್ಟೆಯ ಮೇಲಿತ್ತು.

"ಜ್ಯೋತಿ... ಹೆಂಗಿದೀಯಮ್ಮ?"

"ಯಾಕೋ ತಲೆ ಸುತ್ತು ಅತ್ತೆ. ಹೊಟ್ಟೇಲೂ ಒಂಥರಾ ಸಂಕ್ಟ. ಮಲಗಿದ್ರೆ ಸರಿಹೋಯ್ತದೆ."

ಹಿಂದಿನ ಎರಡು ಸಲವೂ ಶುರುವಾಗಿದ್ದು ಹೀಗೇ, ಒಂಥರಾ ಸಂಕಟ ಎಂದೇ. ಅಮ್ಮಯಮ್ಮ ಅಡುಗೆಮನೆಗೆ ಓಡಿದಳು. ಹಿಂದೆ ತನ್ನ ಅಪ್ಪನ ಮನೆಯಲ್ಲಿ ಯಾರೋ ಇಲಿ ಪಾಷಾಣ ತಿಂದಾಗ ಉಪ್ಪು ಕದಡಿದ ಮಜ್ಜಿಗೆ ಕುಡಿಸಿ ಕಕ್ಕಿಸಿದ್ದು ನೆನಪಾಯಿತು. ಕಕ್ಕಿಬಿಟ್ಟರೆ ಸಾಕು, ಹೇಳುವ ಅಗತ್ಯವೂ ಬೀಳುವುದಿಲ್ಲ. ದೊಡ್ಡ ಲೋಟದ ತುಂಬ ಮಜ್ಜಿಗೆ ಹುಯ್ದು, ಒಂದು ಹಿಡಿ ಉಪ್ಪು ಹಾಕಿ ಕದಡಿ, ಮೇಲೆ ಗೊತ್ತಾಗದಿರಲೆಂದು ಕೊತ್ತಂಬರಿ ಉದುರಿಸಿದಳು.

"ಎದ್ದೇಳಮ್ಮ. ಮಜ್ಜಿಗೆ ತಂದಿದೀನಿ, ಕುಡಿ. ತಲೆ ಸುತ್ತು ನಿಲ್ತದೆ."

"ಅಲ್ಲಿಡಿ ಅತ್ತೆ. ಆಮೇಲೆ ಹಿತ್ಲಲ್ಲಿ ಕುಡೀತೀನಿ."

"ಆಮೇಲೆ ಬ್ಯಾಡ. ಈಗ್ಲೇ ಕುಡಿ. ನನ್ ಮುಂದೆ ಕುಡಿ."

ಜ್ಯೋತಿಲಕ್ಷ್ಮಿ ಎದ್ದು ಕೂತಳು. ಅತ್ತೆಯ ಮುಖ ನೋಡಿದಳು. ಬೆವರಿ ಬೂದಿಯಾದ ಮುಖ, ಗಡಗಡ ನಡುಗುವ ಲೋಟ, ಅದನ್ನು ಹಿಡಿದ ಕೆಂಪು ಕೆಂಪು ಬೆರಳು. ಅವಳು ಮೆಲ್ಲಗೆ ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು. ಎರಡೂ ಕೈ ಹೊಟ್ಟೆಯ ಮೇಲೆ ಬಂದವು.

"ಯಾಕತ್ತೆ ಇಷ್ಟು ಬಲವಂತ? ಅದ್ರಲ್ಲಿ ಏನೈತೆ?"

ಆ ಕಣ್ಣಲ್ಲಿದ್ದ ಭಯ ನೋಡಿ ಅಮ್ಮಯಮ್ಮ ನಿಂತಲ್ಲೇ ನಿಂತಳು. ಇಂಥ ಭಯ ಒಂದೇ ದಿನದಲ್ಲಿ ಹುಟ್ಟುವುದಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ. ಹನ್ನೆರಡೂವರೆಗೆ ಫ್ಯಾಕ್ಟರಿಯಲ್ಲಿ ಊಟದ ಗಂಟೆ ಹೊಡೆಯುತ್ತದೆ, ಕೆಂಪರಾಜ್ ಡಬ್ಬಿ ತೆಗೆಯುತ್ತಾನೆ. ಅಲ್ಲಿ ಇನ್ನೂ ಯಾರ ಯಾರ ಮಕ್ಕಳೋ.

ಲೋಟ ನೆಲಕ್ಕಿಟ್ಟು ಅಮ್ಮಯಮ್ಮ ಸೊಸೆಯ ಕಾಲ ಹತ್ತಿರ ಕೂತುಬಿಟ್ಟಳು.

"ಜ್ಯೋತಿ, ನನ್ನ ಕೊಂದಾಕ್ಬಿಡು. ಬೆಳಿಗ್ಗೆ ನಿಂಗೆ ಕೊಟ್ಟಿದ್ದು ವಿಷದ್ ರಾಗಿ. ಬಿತ್ತನೆ ಬೀಜ, ಔಷಧಿ ಹಚ್ಚಿದ್ದು. ನಂಗ್ ಗೊತ್ತಿರ್ಲಿಲ್ಲ ಕಣೆ. ನನ್ ಗಂಡನಾಣೆ, ನನ್ ಮಗನಾಣೆ, ಗೊತ್ತಿರ್ಲಿಲ್ಲ. ಕೂರಿಗೆ ಡಬ್ಬದಿಂದ ಸೆರಗಲ್ಲಿ ತಂದೆ. ಪದ್ಧತಿ ಅಂತ ತಂದೆ. ಚುಕ್ಕೆ ಕೋಳಿ ಬಿದ್ಕಂಡು ಒದ್ದಾಡ್ತೈತೆ. ಏಳು, ಆಸ್ಪತ್ರೆಗೆ ಹೋಗೋಣ, ಆಮೇಲೆ ನಂಗೆ ಏನ್ ಬೇಕಾದ್ರೂ ಅನ್ನು. ಕೆಂಪರಾಜ ಡಬ್ಬಿ ತಗಂಡೋಗವ್ನೆ, ಅವ್ನಿಗೆ ಫೋನ್ ಮಾಡು..."

ಅವಳು ಹಣೆ ಹಣೆ ಚಚ್ಚಿಕೊಂಡಳು.

ಜ್ಯೋತಿಲಕ್ಷ್ಮಿ ಹೊಟ್ಟೆಯ ಮೇಲಿದ್ದ ಕೈಯನ್ನು ಒಂದು ಸಲ ನೋಡಿಕೊಂಡಳು. ಆಮೇಲೆ ಬಗ್ಗಿ ಅತ್ತೆಯ ಕೈ ಹಿಡಿದು ನಿಲ್ಲಿಸಿದಳು.

"ನಾನ್ ಕುಡೀಲಿಲ್ಲ ಅತ್ತೆ."

"ಆಂ?"

"ಕುಡೀಲಿಲ್ಲ. ಕರಿಬೇವಿನ ಗಿಡದ್ ಬುಡಕ್ಕೆ ಚೆಲ್ದೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅದಕ್ಕೇ ತಲೆ ಸುತ್ತು ಬಂದೈತೆ."

ಅಮ್ಮಯಮ್ಮನಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಆಮೇಲೆ ಒಂದೊಂದಾಗಿ ಕಣ್ಣಿಗೆ ಬಂತು. ಕರಿಬೇವಿನ ಬುಡ. ಚುಕ್ಕೆ ಕೋಳಿ. ದಿನಾ ಹಿತ್ತಲಿಗೆ ಹೋಗುತ್ತಿದ್ದ ಲೋಟ. ಮೈ ತುಂಬಿಕೊಂಡ ಕೋಳಿಗಳು.

"ಇವತ್ತೊಂದೇ ದಿನಾನಾ?"

ಜ್ಯೋತಿಲಕ್ಷ್ಮಿ ತಲೆ ತಗ್ಗಿಸಿದಳು. "ಮೂರು ತಿಂಗ್ಳಿಂದ. ಹಾಲೂ, ಪಾನಕಾನೂ, ಉಂಡೆನೂ. ನೀವು ಏನೋ ಹಾಕಿಕೊಡ್ತೀರಿ ಅಂತಲ್ಲ ಅತ್ತೆ. ಲೋಟ ಬಾಯಿಗಿಟ್ರೆ ನೀವು ಅವತ್ತು ಬೇಲಿ ಹತ್ರ ಅಂದ ಮಾತು ನೆನಪಾಯ್ತಿತ್ತು. ಚೌಳು ನೆಲ ಅಂದ್ರಲ್ಲ. ಆ ಮಾತು ಅಂದವ್ರ ಕೈಯಿಂದ ತಿಂದ್ರೆ ಇದೂ ನಿಲ್ಲಲ್ಲ ಅಂತ ಭಯ. ದಿನಾ ಭಯ. ಗಂಟಲಲ್ಲಿ ಇಳೀತಿರ್ಲಿಲ್ಲ."

ಅಮ್ಮಯಮ್ಮನಿಗೆ ಆ ಕ್ಷಣದಲ್ಲಿ ಆದದ್ದನ್ನು ಹೇಗೆ ಹೇಳುವುದು? ಮಗು ಉಳಿಯಿತು ಎಂದು ಎದೆಯ ಮೇಲಿನ ಚಪ್ಪಡಿ ಇಳಿಯಿತು. ಯಾರಿಂದ ಉಳಿಯಿತು ಎಂದು ಅದೇ ಚಪ್ಪಡಿ ಮತ್ತೆ ಬಂದು ಕೂತಿತು. ತನ್ನ ಮೇಲಿನ ಭಯವೇ ಆ ಕೂಸನ್ನು ಕಾದಿತ್ತು. ಅವಳು ಸೊಸೆಯ ಮೊಣಕಾಲಿಗೆ ಹಣೆ ಹಚ್ಚಿ ಜೋರಾಗಿ ಅತ್ತಳು.

"ಆಮೇಲೆ ಅಳೋರಂತೆ, ಏಳಿ," ಎಂದಳು ಜ್ಯೋತಿಲಕ್ಷ್ಮಿ. ಮೊಬೈಲು ಆಗಲೇ ಅವಳ ಕಿವಿಯಲ್ಲಿತ್ತು.

ಕೆಂಪರಾಜ್ ಫೋನ್ ಎತ್ತಲಿಲ್ಲ. ಒಳಗೆ ಹೋಗುವಾಗ ಮೊಬೈಲನ್ನು ಗೇಟಿನಲ್ಲೇ ಇಟ್ಟುಬಿಡಬೇಕು, ಫ್ಯಾಕ್ಟರಿಯ ನಿಯಮ. ಗೇಟಿನವನ ನಂಬರಿಗೆ ಫೋನ್ ಮಾಡಿದಳು. ಎರಡು ಸಲ ಬ್ಯುಸಿ. ಮೂರನೇ ಸಲ ಸಿಕ್ಕಿತು. "ಅಣ್ಣಾ, ನಾನು ಕೆಂಪರಾಜ್ ಮಿಸೆಸ್ಸು. ಅವ್ರ ಊಟದ ಡಬ್ಬೀಲಿರೋ ಸ್ವೀಟು ಯಾರೂ ಮುಟ್ಟಬಾರ್ದು. ವಿಷ ಬಿದ್ದೈತೆ. ಓಡಿ ಅಣ್ಣಾ, ನಿಮ್ ಕಾಲಿಗೆ ಬೀಳ್ತೀನಿ, ಓಡಿ." ಆಗ ಹನ್ನೆರಡೂ ಹತ್ತು.

ಹನ್ನೆರಡೂವರೆಯವರೆಗಿನ ಆ ಇಪ್ಪತ್ತು ನಿಮಿಷ ಅತ್ತೆ ಸೊಸೆ ಇಬ್ಬರೂ ಫೋನನ್ನು ಮಧ್ಯೆ ಇಟ್ಟುಕೊಂಡು ಕೂತರು. ಇಷ್ಟರಲ್ಲಿ ಸೊಣ್ಣಪ್ಪ ಜ್ಯೋತಿಲಕ್ಷ್ಮಿಯ ಫೋನಿನಿಂದ ಸುದ್ದಿ ತಿಳಿದು ಗಂಗಣ್ಣನನ್ನು ಹೊಲದಿಂದ ಬೈಕಿನಲ್ಲಿ ಕೂರಿಸಿಕೊಂಡು ಬಂದ. ಗಂಗಣ್ಣ ದಾರಿಯಲ್ಲೇ ಒಂದು ಸಲ ವಾಂತಿ ಮಾಡಿಕೊಂಡಿದ್ದ. ಬಂದವನೇ, "ಲೇ, ನಲವತ್ತು ವರ್ಷದಿಂದ ಬೀಜ ಕದ್ದು ಹಾಲುಬಾಯಿ ಮಾಡ್ತಿದೀಯಾ? ಒಂದ್ ಮಾತು ಹೇಳಕ್ ಏನಾಗಿತ್ತೆ ನಿಂಗೆ?" ಎಂದ. ಆಗ ಫೋನು ರಿಂಗಾಯಿತು, ಅಮ್ಮಯಮ್ಮ ಎತ್ತಿಕೊಂಡಳು.

"ಅಮ್ಮಾ, ಏನಮ್ಮ ಇದು?" ಕೆಂಪರಾಜನ ದನಿ. "ಡಬ್ಬಿ ಇನ್ನೂ ತೆಗ್ದಿರ್ಲಿಲ್ಲ. ಬಸ್ಸಲ್ಲಿ ಒಂದ್ ತುಂಡು ನಾನ್ ತಿಂದಿದ್ದೆ ಅಷ್ಟೇ. ಜ್ಯೋತಿ ಹೆಂಗವ್ಳೆ? ಅವ್ಳು ತಿಂದ್ಲಾ?"

ಜ್ಯೋತಿಲಕ್ಷ್ಮಿಯೇ ಫೋನು ತೆಗೆದುಕೊಂಡಳು. "ನಾನ್ ತಿಂದಿಲ್ಲ ಕಣ್ರೀ. ವಾಕರಿಕೆ ಬಂತು ಅಂತ ಬಿಟ್ಬಿಟ್ಟೆ."

ವಾಕರಿಕೆ ಎಂದಳು. ಮತ್ತೇನನ್ನೂ ಹೇಳಲಿಲ್ಲ.

ಸೊಣ್ಣಪ್ಪ ಯಾರದೋ ಕಾರು ತಂದ. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಬೀಜದ ಚೀಲ ಓದಿದರು, ಗಂಗಣ್ಣನಿಗೂ ಅಮ್ಮಯಮ್ಮನಿಗೂ ಗ್ಲೂಕೋಸ್ ಹಾಕಿಸಿದರು. ಕೆಂಪರಾಜನೂ ಬಂದು ಸೇರಿದ. ತೊಳೆದು ಬೇಯಿಸಿದ್ದು, ತಿಂದದ್ದು ಕಡಿಮೆ, ಸಂಜೆಯವರೆಗೂ ನೋಡಿ ಕಳಿಸುತ್ತೇನೆ ಎಂದರು. ಅದು ಕಿವಿಗೆ ಬೀಳದವಳ ಹಾಗೆ ಅಮ್ಮಯಮ್ಮ ಒಂದೇ ಮಾತು ಕೇಳಿದಳು.

"ಸಾರ್, ಹಸೀದು ಒಂದ್ ಲೋಟ ಬಸುರಿ ಕುಡಿದಿದ್ರೆ?"

ಡಾಕ್ಟರು ಚೀಲ ಮಡಿಸುತ್ತಿದ್ದವರು ಕೈ ನಿಲ್ಲಿಸಿದರು. "ಕುಡಿದಿಲ್ಲ ತಾನೇ? ಕುಡಿದಿದ್ರೆ ನಾನು ಏನೂ ಹೇಳಕ್ಕಾಗ್ತಿರ್ಲಿಲ್ಲಮ್ಮ," ಎಂದರು. ಪಕ್ಕದ ಕೋಣೆಯಲ್ಲಿ ನರ್ಸು ಜ್ಯೋತಿಲಕ್ಷ್ಮಿಯ ಹೊಟ್ಟೆಗೆ ಯಂತ್ರ ಇಟ್ಟಿದ್ದಳು. ಕೂಸಿನ ಎದೆಬಡಿತ ಕುದುರೆ ಓಡಿದ ಹಾಗೆ ಟಕಟಕ ಎಂದು ಹೊರಗೂ ಕೇಳಿಸಿತು. ಅಮ್ಮಯಮ್ಮ ಗ್ಲೂಕೋಸಿನ ಸೂಜಿ ಇದ್ದ ಕೈಯನ್ನೇ ಎತ್ತಿ ಮುಗಿದಳು.

ಮನೆಗೆ ಬರುವ ಹೊತ್ತಿಗೆ ಚುಕ್ಕೆ ಕೋಳಿ ಸತ್ತಿತ್ತು. ಗಂಗಣ್ಣ ಅದನ್ನೂ, ಉಳಿದ ಹಾಲುಬಾಯಿಯನ್ನೂ, ಗಸಿಯನ್ನೂ ಹೊಲದ ಮೂಲೆಯಲ್ಲಿ ಆಳ ಗುಂಡಿ ತೋಡಿ ಮುಚ್ಚಿದ. ಕರಿಬೇವಿನ ಬುಡದ ಮಣ್ಣನ್ನೂ ಕೆರೆದು ಅದೇ ಗುಂಡಿಗೆ ಹಾಕಿದ. ಬುಡದಲ್ಲಿ ಯಾಕೆ ಚೆಲ್ಲಿತ್ತು ಎಂದು ಅವನು ಕೇಳಲಿಲ್ಲ. ಅವನಿಗೆ ವಾಕರಿಕೆಯ ಕಥೆಯೇ ಸಾಕಾಗಿತ್ತು.

ಒಂದು ವಾರ ಅಮ್ಮಯಮ್ಮ ಒಲೆಯ ಹತ್ತಿರ ಸುಳಿಯಲಿಲ್ಲ. ಸೊಸೆ ಹಾಕಿದ್ದನ್ನು ಉಂಡಳು, ತಟ್ಟೆ ತೊಳೆದಳು, ಜಗಲಿಯಲ್ಲಿ ಕೂತಳು. ಒಂದೇ ಒಂದು ಸಲ, ಯಾರೂ ಇಲ್ಲದಾಗ, "ನೀನ್ ಚೆಲ್ಲಿದ್ದೇ ಸರಿ ಕಣಮ್ಮ. ಆ ಮಾತು ಆಡಿದ್ ನಾಲಿಗೆ ಸೇದೋಗ್ಲಿ," ಎಂದಳು. ಜ್ಯೋತಿಲಕ್ಷ್ಮಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ, ಬಿಡಿ ಎಂದೂ ಅನ್ನಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಸೊಸೆಯೇ ಅಡುಗೆಮನೆಯಿಂದ ಕೂಗಿದಳು. "ಅತ್ತೆ, ಇವತ್ತು ಹಾಲು ಕಾಯಿಸ್ಕೊಡಲ್ವಾ?"

ಅಮ್ಮಯಮ್ಮ ಎದ್ದು ಬಂದಳು. ಕೈಯ ಬಣ್ಣ ಹೋಗಿತ್ತು, ಒಂದೆರಡು ಉಗುರಿನ ಬುಡದಲ್ಲಿ ಮಾತ್ರ ಉಳಿದಿತ್ತು. ಸೊಸೆ ನೋಡುತ್ತಿರುವಂತೆಯೇ ಹಾಲು ಕಾಯಿಸಿದಳು, ಸೊಸೆಯ ಕೈಯಿಂದಲೇ ಬೆಲ್ಲ ಹಾಕಿಸಿದಳು, ಮೊದಲು ತಾನು ಒಂದು ಗುಟುಕು ಕುಡಿದಳು. ಆಮೇಲೆ ಲೋಟ ತುಂಬಿಸಿ ಕಟ್ಟೆಯ ಮೇಲಿಟ್ಟಳು. ಕೈಗೆ ಕೊಡಲಿಲ್ಲ.

ಜ್ಯೋತಿಲಕ್ಷ್ಮಿ ಲೋಟ ತೆಗೆದುಕೊಂಡು ಎಂದಿನಂತೆ ಹಿತ್ತಲಿಗೆ ಹೋದಳು.

ಅಮ್ಮಯಮ್ಮ ಅಡುಗೆಮನೆಯ ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಂತಳು. ವಿಷ ಎಂದು ಕೇಳಿದ ದಿನವೂ ಅವಳ ಎದೆ ಇಷ್ಟು ಹೊಡೆದುಕೊಂಡಿರಲಿಲ್ಲ. ನೋಡಬಾರದು ಎಂದುಕೊಂಡಳು, ನೋಡಿದಳು. ಲೋಟ ಕಂಡದ್ದೇ ತಡ, ಕೋಳಿಗಳು ಹಿತ್ತಲಿನ ಮೂಲೆ ಮೂಲೆಯಿಂದ ಓಡಿ ಬಂದವು. ಕರಿಬೇವಿನ ಬುಡದಲ್ಲಿ ಕತ್ತು ಎತ್ತಿ ಸಾಲಾಗಿ ನಿಂತವು. ಮೂರು ತಿಂಗಳ ಅಭ್ಯಾಸ, ಪಾಪ, ಅವಕ್ಕೇನು ಗೊತ್ತು.

ಜ್ಯೋತಿಲಕ್ಷ್ಮಿ ಲೋಟ ಹಿಡಿದು ತುಂಬ ಹೊತ್ತು ನಿಂತಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಆಮೇಲೆ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ತಡೆದು ನಿಂತಳು, ಇನ್ನೊಂದು ಗುಟುಕು ಕುಡಿದಳು, ಮತ್ತೊಂದು. ಅರ್ಧ ಲೋಟಕ್ಕೆ ನಿಲ್ಲಿಸಿದಳು. ಉಳಿದ ಅರ್ಧವನ್ನು ಬಗ್ಗಿ ಮೆಲ್ಲಗೆ ಕೋಳಿಗಳ ಮುಂದೆ ಹುಯ್ದಳು.

ಅರ್ಧ. ಅಮ್ಮಯ್ಯಾ, ಅರ್ಧ ಕುಡಿದಳು ಎಂದು ಅಮ್ಮಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸೊಸೆ ಒಳಗೆ ಬರುವಷ್ಟರಲ್ಲಿ ಕಣ್ಣೊರೆಸಿಕೊಂಡು, ಏನೂ ನೋಡದವಳ ಹಾಗೆ ಮೊರ ಹಿಡಿದು ರಾಗಿ ಕೇರುತ್ತಾ ಕೂತಿದ್ದಳು.